ರಾಣಿನೋ, ದೇವತೆನೋ?

ದೇಶನೂರಿನಿಂದ ಬೆಂಗಳೂರಿಗೆ ನನ್ನ ಮಾಮೂಲಿ ದಾರಿ ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು. ಈ ಸಲ ಚಳ್ಳಕೆರೆಯಲ್ಲಿ ಚಿತ್ರದುರ್ಗದ ಕಡೆ ತಿರುಗಿದೆ, ಚಂದ್ರವಳ್ಳಿ ನೋಡೋಕೆ.

ಗುಡ್ಡಗಳ ನಡುವೆ ಕೆರೆ, ಗುಹೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದಾಗ ರೋಮ್ ಚಕ್ರವರ್ತಿ ಟೈಬೀರಿಯಸನ (ಕ್ರಿ.ಶ. 14–37) ಬೆಳ್ಳಿ ನಾಣ್ಯ ಸಿಕ್ಕಿತು. ಆ ಪದರದ ಮಣ್ಣಿನ ಕಾಲ ಗುರುತಿಸೋಕೆ ಅದೂ ಒಂದು ಆಧಾರವಾಯ್ತು. ತೂಕ ನೋಡಿದ್ರೆ ಇಂಥ ಡೆನಾರಿಯಸ್ ನಾಲ್ಕು ಗ್ರಾಮೂ ಬರಲ್ಲ!

ಟೈಬೀರಿಯಸನ ಕಾಲದಲ್ಲಿ ಹೆಚ್ಚು ಓಡಾಡಿದ ಡೆನಾರಿಯಸ್‌ನಲ್ಲಿ ಒಂದು ಕಡೆ ಅವನ ಮುಖ. ಹಿಂದೆ ಕೂತಿರೋ ಹೆಂಗಸು, ಕೈಯಲ್ಲಿ ದಂಡ, ಆಲಿವ್ ಕೊಂಬೆ. ಅವಳ ಹೆಸರಿಲ್ಲ. ಶಾಂತಿದೇವತೆ ಪಾಕ್ಸ್ ಅಂತ ಕೆಲವರು. ಅವನ ತಾಯಿ ಲಿವಿಯಾಳೇ ದೇವತೆಯಾಗಿ ಕೂತಿದ್ದಾಳೆ ಅಂತ ಹಲವರು.

ನನಗೆ ನೆನಪಾಗಿದ್ದು ಅಜ್ಜಿಯ ಬೆಳ್ಳಿ ರೂಪಾಯಿಗಳು. ದೀಪಾವಳಿಗೆ ಲಕ್ಷ್ಮೀಪೂಜೆಯಲ್ಲಿ ಅರಿಶಿನ ಕುಂಕುಮ ಬೀಳೋದು ವಿಕ್ಟೋರಿಯಾ ರಾಣಿ ಮುಖಕ್ಕೆ. 'ಇದು ಯಾರಜ್ಜಿ?' ಅಂದ್ರೆ, 'ಲಕ್ಷ್ಮಿ ಅಲ್ಲೇನೋ' ಅಂತಾಳೆ.

ಬೆಳ್ಳಿ ರೇಟು ಏರಿದ ಮೇಲೆ ಅವನ್ನ ಕರಗಿಸಿಬಿಡೋಣ ಅಂತ ಮನೇಲಿ ಮಾತು ನಡೀತಿದೆ. ಕರಗಿಸಿದ್ರೆ ಮುಖವೂ ಇಲ್ಲ, ಇಸವಿಯೂ ಇಲ್ಲ, ಬರೀ ಗ್ರಾಂ. ಬೇಡ ಅಂತ ಚಂದ್ರವಳ್ಳಿಯಿಂದಲೇ ಫೋನ್ ಮಾಡಿ ಹೇಳಿದೆ. ಪೆಟ್ಟಿಗೆ ಕೀಲಿ ಸದ್ಯಕ್ಕೆ ಅಜ್ಜಿ ಹತ್ರಾನೇ ಇದೆ.