ಹಸುವಿಗೆ ಯೀಸ್ಟ್ ಪುಡಿ: ಆರು ವಾರದ ಲೆಕ್ಕ

ಯೀಸ್ಟ್ ಪುಡಿ ಹಾಕಿದ್ರೆ ನಿಜವಾಗ್ಲೂ ಹಾಲು ಜಾಸ್ತಿ ಆಗುತ್ತಾ ಅಂತ ಡೇರಿ ಹತ್ರ ಸುಮಾರು ಜನ ಕೇಳಿದ್ರಿ. ಅವತ್ತು ಸುಮ್ಮನಿದ್ದೆ. ಈಗ ಲೆಕ್ಕ ಕೈಲಿದೆ, ಬರೀತಿದ್ದೀನಿ.

ಮೊದಲು ನಾನು ಏಮಾರಿದ ಕತೆ. ಹೋದ ಮಳೆಗಾಲದಲ್ಲಿ ಪುಡಿ ಮಾರೋನು ಮನೆಗೇ ಬಂದು "ಎರಡು ಲೀಟರ್ ಗ್ಯಾರಂಟಿ" ಅಂದ. ತಗೊಂಡೆ. ಹಾಲು ಏರಿತು ಕೂಡ! ಪಕ್ಕದ ಮನೆ ಅಣ್ಣನಿಗೂ ನಾಲ್ಕು ಪ್ಯಾಕೆಟ್ ಕೊಡಿಸಿದೆ. ಅವರ ಹಸುಗಳಲ್ಲಿ ಏನೂ ಆಗಲಿಲ್ಲ. ಆಮೇಲೆ ನಮ್ಮನೆಯವಳು ನೆನಪಿಸಿದ್ಲು: "ಅದೇ ವಾರ ರಾಗಿ ಹುಲ್ಲು ಬಿಟ್ಟು ಹಸಿ ಜೋಳ ಹಾಕೋಕೆ ಶುರು ಮಾಡಿದ್ವಲ್ಲ?" ಹಾಲು ಕೊಟ್ಟಿದ್ದು ಜೋಳ, ಹೆಸರು ಬಂದಿದ್ದು ಪುಡಿಗೆ. ನನ್ನ ಮಾತು ನಂಬಿ ಅಣ್ಣನ ದುಡ್ಡು ಹೋಯ್ತು.

ಹಾಗಾಗಿ ಈ ಸಲ ಮೇವು, ಫೀಡ್, ಕರೆಯೋ ಹೊತ್ತು ಯಾವುದನ್ನೂ ಬದಲಿಸಲಿಲ್ಲ. 16 ಲೀಟರ್ ಕೊಡೋ ಎರಡು ಸೀಮೆ ಹಸು, 8 ಲೀಟರಿನ ಎರಡು. ಮೂರು ವಾರ ಒಂದೊಂದಕ್ಕೆ ಪುಡಿ, ಮುಂದಿನ ಮೂರು ವಾರ ಉಳಿದೆರಡಕ್ಕೆ. ದಿನಾ ಎರಡು ಹೊತ್ತೂ ಹಾಲು ತೂಗಿ ಪುಸ್ತಕದಲ್ಲಿ ಬರೆದೆ.

ಜಾಸ್ತಿ ಫೀಡ್ ತಿನ್ನೋ ದೊಡ್ಡ ಹಸುಗಳಿಗೆ ತೆಳ್ಳಗಿದ್ದ ಸಗಣಿ ಹತ್ತು ದಿನದಲ್ಲಿ ಗಟ್ಟಿಯಾಯ್ತು, ಹಾಲು ಅರ್ಧ ಲೀಟರ್ ಏರಿತು, ಫ್ಯಾಟ್ 3.3 ಇದ್ದದ್ದು 3.5 ಆಯ್ತು. 8 ಲೀಟರಿನವಕ್ಕೆ ಏನೂ ವ್ಯತ್ಯಾಸವಿಲ್ಲ. ಪುಡಿಗೆ ದಿನಕ್ಕೆ 8 ರೂಪಾಯಿ. ದೊಡ್ಡವುಗಳಲ್ಲಿ ಕಳೆದು ಉಳೀತು, ಚಿಕ್ಕವುಗಳಲ್ಲಿ ಪೂರ್ತಿ ನಷ್ಟ. ನಾಲ್ಕೇ ಹಸುವಿನ ಲೆಕ್ಕ ಇದು, ನೆನಪಿರಲಿ.

ಕಾರಣ ಇಷ್ಟೇ. ಹಸುವಿನ ಮೊದಲ ಹೊಟ್ಟೆಯಲ್ಲಿ ನಾರು ಕರಗಿಸೋ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಆಗಿಬರಲ್ಲ. ಜೀವಂತ ಯೀಸ್ಟ್ ಅದನ್ನ ಎಳ್ಕೊಳ್ಳುತ್ತೆ. ಫೀಡ್ ಜಾಸ್ತಿಯಾಗಿ ಹೊಟ್ಟೆ ಹುಳಿಯಾಗೋದನ್ನೂ ತಗ್ಗಿಸುತ್ತೆ. ಹುಲ್ಲೇ ಜಾಸ್ತಿ ತಿನ್ನೋ ಹಸುವಿಗೆ ಆ ಹುಳಿಯ ಕಾಟವೇ ಕಮ್ಮಿ.

ಜೀವಂತ ಅನ್ನೋದು ಮುಖ್ಯ. ನನ್ನ ಹಳೇ ಪ್ಯಾಕೆಟ್ ಬೇಸಿಗೆಯೆಲ್ಲಾ ಶೀಟಿನ ಕೆಳಗೆ ಬೆಂದಿತ್ತು! ತಂಪಾದ, ಒಣಗಿದ ಜಾಗದಲ್ಲಿಡಿ, ಬಿಸಿ ಬೂಸಾಕ್ಕೆ ಕಲಸಬೇಡಿ. ಚೀಟಿಯಲ್ಲಿ ಸ್ಯಾಕರೊಮೈಸಿಸ್ ಸೆರೆವಿಸಿಯೆ ಅಂತ ಹೆಸರು, ಗ್ರಾಂಗೆ ಎಷ್ಟು ಸಿಎಫ್‌ಯು (ಅಂದ್ರೆ ಜೀವಂತ ಕಣ), ಕೊನೇ ತಾರೀಕು ಇದೆಯಾ ನೋಡಿ. ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಚಿಟಿಕೆ ಹಾಕಿ ನೊರೆ ಬಂದ್ರೆ ಜೀವ ಇದೆ ಅಂತ. ಎಷ್ಟಿದೆ ಅಂತ ಅದರಿಂದ ಗೊತ್ತಾಗಲ್ಲ.

ಹಾಲು ಕುಡಿಯೋರಿಗೆ ತೊಂದರೆಯಾ? ಇದು ಬ್ರೆಡ್ಡಿಗೆ ಹಾಕೋ ಜಾತಿಯದೇ, ಭಯವಿಲ್ಲ. ಯೂರೋಪಿನ ಇಎಫ್‌ಎಸ್‌ಎ ಸಂಸ್ಥೆ ಇಂಥ ಪುಡಿಗಳನ್ನ ಪರೀಕ್ಷೆ ಮಾಡುವಾಗ ಹಸು, ಹಾಲು ಕುಡಿಯೋರು, ಪುಡಿ ಕಲಸೋರು ಅಂತ ಬೇರೆಬೇರೆಯಾಗಿ ನೋಡುತ್ತೆ. ಮೂರನೆಯವರು ನಾವೇ. ಧೂಳು ಮೂಗಿಗೆ ಹೋಗಿ ನನಗೆ ಸೀನು ನಿಲ್ಲಲಿಲ್ಲ, ಈಗ ಟವಲ್ ಕಟ್ಕೊಂಡು ಕಲಸ್ತೀನಿ. ಬೂಷ್ಟು ಹಿಡಿದ ಪುಡಿ ತಿಪ್ಪೆಗೆ. ಬೇರೇನೋ ಬೆರೆಸಿರೋ ಚೀಟಿಯಿಲ್ಲದ ಪುಡಿ ಬೇಡವೇ ಬೇಡ. ಇದು ಔಷಧಿಯೂ ಅಲ್ಲ. ಹಸು ಮೇವು ಬಿಟ್ರೆ ಡಾಕ್ಟರನ್ನ ಕರೀರಿ.

ಪಕ್ಕದ ಮನೆ ಅಣ್ಣನಿಗೆ ಪುಸ್ತಕ ತೋರಿಸಿದೆ. ಅವರವೂ 8 ಲೀಟರಿನ ಹಸುಗಳೇ. "ಮೊದಲೇ ತೂಗಿದ್ರೆ ನನ್ನ ದುಡ್ಡು ಉಳೀತಿತ್ತಲ್ಲಯ್ಯ" ಅಂದ್ರು. ಹೌದಣ್ಣ ಅಂದೆ. ನೀವ್ಯಾರಾದ್ರೂ ತೂಗಿ ನೋಡಿದ್ರೆ ಲೆಕ್ಕ ಸಮೇತ ಬರೀರಿ.