ಜಾಲಿ ಕೊಯ್ಯುವ ಮಷಿನ್ನಿಗೆ ಎರಡು ಎಣ್ಣೆ

ಕುಷ್ಟಗಿ, ಯಲಬುರ್ಗಾ ಕಡೆಯ ಬೀಳು ಹೊಲಗಳಲ್ಲಿ ಬಳ್ಳಾರಿ ಜಾಲಿ ಕಡಿಯುವುದು ಹಿಂದೆ ಕೊಡಲಿಯ ಕೆಲಸ. ಈಗ ಪೆಟ್ರೋಲ್ ಗರಗಸದ ಹಗ್ಗ ಜಗ್ಗಿದರೆ ಬೊಡ್ಡೆ ನೋಡನೋಡುತ್ತಲೇ ಉರುಳುತ್ತದೆ. ಪರೀಕ್ಷೆ ಮುಗಿಸಿದ ಹುಡುಗ ರಜೆಯಲ್ಲಿ ಅಣ್ಣನ ಹಿಂದೆ ಈ ಕೆಲಸಕ್ಕೆ ಹೋಗುವುದುಂಟು. ಮಷಿನ್ ಎತ್ತುವ ಶಕ್ತಿ ಅವನಿಗಿದೆ. ಅದರೊಳಗೆ ನಡೆಯುವುದೇನೆಂದು ಯಾರೂ ಹೇಳಿರುವುದಿಲ್ಲ.

ಒಳಗಿರುವುದು ಲೂನಾದಲ್ಲಿದ್ದಂಥ ಟೂ-ಸ್ಟ್ರೋಕ್ ಎಂಜಿನ್. ಲೂನಾ ಓಡಿಸಿದ ತಂದೆಯರಿಗೆ ಬಂಕಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಂಡ ನೆನಪಿರಬೇಕು. ಈಗಿನ ಬೈಕಿನ ಎಂಜಿನ್ನಿಗೆ ತಳದಲ್ಲಿ ಎಣ್ಣೆ ನಿಲ್ಲುತ್ತದೆ, ಇದರಲ್ಲಿ ನಿಲ್ಲುವುದಿಲ್ಲ. ಗಾಳಿ-ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಹೊಕ್ಕು, ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿಗೆ ನುಗ್ಗುತ್ತದೆ. ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಸಿಗುವುದು ಆ ಮಿಶ್ರಣದಿಂದಲೇ. ಕಂಪನಿಯ ಪುಸ್ತಕ 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂಟಿ ಎಣ್ಣೆ; 25:1 ಎಂದರೆ 40. ಆತುರದಲ್ಲಿ ಬರೀ ಪೆಟ್ರೋಲ್ ಸುರಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜಾಗುತ್ತದೆ. ನಾಲ್ಕು ಕಾಸಿನ ಎಣ್ಣೆ ಉಳಿಸಲು ಹೋಗಿ ಮಷಿನ್ನನ್ನೇ ಕಳೆದುಕೊಂಡಂತೆ.

ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿಗೆ ತೇವ ಹೀರುವ ಗುಣ. ಆದ್ದರಿಂದ ಮಳೆಗಾಲಕ್ಕೆ ಮೂಲೆಗಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಬೇಕು.

ಎರಡನೆಯ ಎಣ್ಣೆ ಸರಪಳಿಗೆ. ಅದಕ್ಕೆ ಬೇರೆಯೇ ಟ್ಯಾಂಕ್. ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಹೆದ್ದಾರಿಯ ಬಸ್ಸಿನಷ್ಟು ವೇಗದಲ್ಲಿ ಬಾರಿನ ಗಾಡಿಯಲ್ಲಿ ಉಜ್ಜುತ್ತ ಓಡುತ್ತದೆ. ಎಣ್ಣೆ ತಪ್ಪಿದರೆ ಬಾರ್ ನೀಲಿಗಟ್ಟುತ್ತದೆ. ಬಾರಿನ ತುದಿಯನ್ನು ಬಿಳಿ ಕಾಗದದ ಎದುರು ಹಿಡಿದು ರೇಸ್ ಮಾಡಿದಾಗ ಎಣ್ಣೆಯ ಗೆರೆ ಮೂಡಿದರೆ ಸರಿ.

ಸರಪಳಿಯ ಹಲ್ಲಿನದು ಸೊಗಸಾದ ಕಥೆ. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬವರು ಮರದ ಹುಳು ಎಡಕ್ಕೂ ಬಲಕ್ಕೂ ಕೆತ್ತುತ್ತ ಮುನ್ನಡೆಯುವುದನ್ನು ಕಂಡು, ಅದೇ ರೀತಿಯ ಹಲ್ಲು ಮಾಡಿದರು. ಇಂದಿನ ಸರಪಳಿಗೂ ಅದೇ ಮೂಲ. ಹಲ್ಲು ಹರಿತವಿದ್ದರೆ ಚಕ್ಕೆ ಹಾರುತ್ತದೆ, ಮೊಂಡಾದರೆ ಹಿಟ್ಟು ಉದುರುತ್ತದೆ. ಜಾಲಿಯ ಕೊಂಬೆಗಳು ನೆಲಮಟ್ಟದಲ್ಲೇ ಕವಲೊಡೆಯುವುದರಿಂದ ಸರಪಳಿ ಮಣ್ಣಿಗೆ ತಾಗದೆ ಇರದು. ಒಮ್ಮೆ ತಾಗಿದರೂ ಹರಿತ ಹೋಯಿತೆಂದೇ ಲೆಕ್ಕ. ಆಗ ದುಂಡನೆಯ ಅರ ಹಿಡಿದು ಪ್ರತಿ ಹಲ್ಲಿಗೂ ಒಂದೇ ಕೋನದಲ್ಲಿ, ಒಂದೇ ಎಣಿಕೆಯಲ್ಲಿ ಒಳಗಿನಿಂದ ಹೊರಕ್ಕೆ ಉಜ್ಜಬೇಕು. ಎಡದ ಹಲ್ಲುಗಳನ್ನು ಬಲದವಕ್ಕಿಂತ ಹೆಚ್ಚು ತೇಯ್ದರೆ ಕೊಯ್ತ ಸೊಟ್ಟಗಾಗುತ್ತದೆ. ನಮ್ಮ ಹುಡುಗರು ಅರ ಹಿಡಿಯುವ ಬದಲು ಮಷಿನ್ನನ್ನೇ ಮರಕ್ಕೆ ಒತ್ತುತ್ತಾರೆ.

ಅಪಾಯ ಅಲ್ಲಿಂದಲೇ. ಬಾರಿನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಹಲ್ಲು ಸಿಕ್ಕಿಕೊಳ್ಳುತ್ತದೆ. ಸರಪಳಿಯ ವೇಗವೆಲ್ಲ ತಿರುಗಿ ಬಾರನ್ನು ಹಿಡಿದವನ ಮುಖದತ್ತ ಎಸೆಯುತ್ತದೆ. ಕೈ ಸರಿಸಲೂ ಪುರಸೊತ್ತಿರದು. ಮುಂದಿನ ಹಿಡಿಯ ಎದುರಿಗಿರುವ ಗಾರ್ಡು ಈ ಗಳಿಗೆಗೆಂದೇ ಇಟ್ಟ ಬ್ರೇಕು.

ಇನ್ನೊಂದು ಪರೀಕ್ಷೆಯಿದೆ. ಎಂಜಿನ್ ನಿಧಾನವಾಗಿ ಓಡುವಾಗ ಕ್ಲಚ್ಚಿನ ತುಂಡುಗಳು ಒಳಗೇ ಇರುತ್ತವೆ. ವೇಗ ಹೆಚ್ಚಿದಾಗ ಅವು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ. ರೇಸ್ ಬಿಟ್ಟ ಮೇಲೂ ಸರಪಳಿ ತಿರುಗುತ್ತಲೇ ಇದ್ದರೆ, ಅಥವಾ ಬ್ರೇಕಿನ ಗಾರ್ಡು ಮುರಿದು ಹೋಗಿದ್ದರೆ, ಬಾಡಿಗೆಗೆ ತಂದ ಮಷಿನ್ನನ್ನು ಹಗ್ಗ ಜಗ್ಗದೆ ಅಂಗಡಿಗೇ ಮರಳಿಸಬೇಕು. ಲುಂಗಿ ಉಟ್ಟು, ಹೆಗಲ ಮೇಲೆ ಟವೆಲ್ ಇಳಿಬಿಟ್ಟು ಬಂದವನನ್ನೂ ಹಾಗೆಯೇ.