ಎ.ಸಿ. ಗಾಡಿ ಕೊಟ್ಟ ಏಟು!

ಖಳನಾಯಕನ ಕೈಲಿ ನಾಯಕ ಏಟು ತಿನ್ನೋದನ್ನ ನೀವು ತೆರೆಯ ಮೇಲೆ ನೋಡಿದ್ದೀರಿ. ನಾನು ಏಟು ತಿಂದದ್ದು ನನ್ನದೇ ಕಾರಿನ ಗಾಳಿಕಿಂಡಿಯಿಂದ! ನಗಬೇಡಿ, ಕೇಳಿ.

ಗಾಡಿ ಹಳೇ ಮಾರುತಿ 800. ನಾಲ್ಕನೇ ಕೈಯೋ ಐದನೇ ಕೈಯೋ, ಲೆಕ್ಕ ಕೇಳಬೇಡಿ. ಎ.ಸಿ. ಇದೆ ಅನ್ನೋದೇ ನನಗೆ ಹೆಮ್ಮೆ. ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯ ಪೋಷಕ ನಟರು ಸಂದರ್ಶನಕ್ಕೆ ಒಪ್ಪಿದರು. ಹೆಸರು ಬೇಡ. ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಾ ಬೆಳೆದವರು, ಪತ್ರಕರ್ತರನ್ನು ಕಂಡರೆ ಮಾರುದೂರ. ಆರು ತಿಂಗಳು ಅವರ ಬಾಗಿಲು ಕಾದಿದ್ದೆ. “ಕಂಠೀರವ ಸ್ಟುಡಿಯೋಗೆ ಹೋಗ್ಬೇಕು, ಗಾಡಿ ತಗೊಂಡ್ ಬಾಪ್ಪಾ, ದಾರೀಲೇ ಮಾತಾಡೋಣ” ಅಂದರು. ಆ ಲೇಖನ ಅಚ್ಚಾದರೆ ನನ್ನ ರೂಮಿನ ಬಾಕಿ ಬಾಡಿಗೆ ತೀರುತ್ತಿತ್ತು.

ಹಿಂದಿನ ರಾತ್ರಿಯೇ ಗಾಡಿ ತೊಳೆದು, ಮಲ್ಲಿಗೆ ಸೆಂಟಿನ ಡಬ್ಬಿಯೊಂದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಬೆಳಿಗ್ಗೆ ಅವರು ಕೂತರು. ನಾನು ಠೀವಿಯಿಂದ ಎ.ಸಿ. ಹಾಕಿದೆ. ಬುಸ್ಸ್...! ಮೊದಲು ಧೂಳು, ಅದರ ಹಿಂದೆಯೇ ಒದ್ದೆ ಸಾಕ್ಸಿನ ನಾತ, ಅದರ ಮೇಲೆ ಮಲ್ಲಿಗೆ! ಅವರಿಗೆ ಉಬ್ಬಸವಂತೆ, ನನಗೇನು ಗೊತ್ತು? ಗಾಜು ಇಳಿಸಿ, ಮೂಗಿಗೆ ಟವೆಲ್ಲು ಹಿಡಿದು, ರಾಜಾಜಿನಗರ ಬರೋಷ್ಟರಲ್ಲಿ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗಾಯಿತು. “ಇಲ್ಲೇ ನಿಲ್ಸಪ್ಪಾ” ಅಂದವರು ಆಟೋ ಹತ್ತಿ ಹೊರಟೇಬಿಟ್ಟರು. ನನ್ನ ಮೊಬೈಲಿನಲ್ಲಿ ರೆಕಾರ್ಡಾಗಿದ್ದು ಬರೀ ಕೆಮ್ಮು.

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಮೆಕ್ಯಾನಿಕ್ ಆ ಸೆಂಟಿನ ಡಬ್ಬಿ ಕಿತ್ತು ನನ್ನ ಕೈಗಿಟ್ಟ. “ಸ್ನಾನ ಮಾಡ್ದೆ ಪೌಡ್ರು ಬಳ್ಕೊಂಡಂಗೆ ಸಾರ್ ಇದು!”

ಎ.ಸಿ. ಓಡುವಾಗ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತೆ. ಅದು ಸಣ್ಣ ಪೈಪಿನಲ್ಲಿ ಇಳಿದು ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ನನ್ನ ಗಾಡಿಯ ಕೆಳಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ನಾನದನ್ನು ಗಾಡಿಯ ಗುಣ ಅಂತ ತಿಳಿದಿದ್ದೆ! ಪೈಪು ಕಟ್ಟಿಕೊಂಡು, ನೀರು ಒಳಗೇ ನಿಂತು, ಧೂಳಿನ ಜತೆ ಸೇರಿ ಬೂಷ್ಟು ಹಿಡಿದಿತ್ತು. ಹೊಸ ಕಾರುಗಳಲ್ಲಿ ಗಾಳಿ ಸೋಸೋ ಫಿಲ್ಟರ್ ಇರುತ್ತೆ, ಹೆಚ್ಚಾಗಿ ಗ್ಲೋವ್ ಬಾಕ್ಸಿನ ಹಿಂದೆ. ನನ್ನ ಮುದುಕಿಗೆ ಅದೂ ಇಲ್ಲ.

ಮಧ್ಯಾಹ್ನವೆಲ್ಲಾ ಅವನ ಜತೆ ಕೂತೆ. ಬ್ಯಾಟರಿ ವೈರು ಕಳಚಿ, ಗ್ಲೋವ್ ಬಾಕ್ಸ್ ಬಿಚ್ಚಿ, ಫ್ಯಾನು ಹೊರಗೆಳೆದರೆ—ಅಬ್ಬಾ! ಒಂದು ಬೊಗಸೆ ಒಣಗಿದ ಹೊಂಗೆ ಹೂ. ಮನೆ ಮುಂದಿನ ಮರದ ನೆರಳಲ್ಲಿ ನಿಲ್ಲಿಸಿದ್ದರ ಬಹುಮಾನ. ಗಾಜಿನ ಬುಡದ ಜಾಲರಿಯಿಂದ ಇಳಿದದ್ದು. ನಾನು ಗಾಳಿ ಪಂಪು ತಂದು ಮುಂದಿನ ಕಿಂಡಿಗೇ ಹಿಡಿಯಹೊರಟೆ. “ಒಳಗೇ ತಳ್ತೀರಲ್ಲ!” ಅಂತ ಬೈದ. ಕಿಂಡಿಯ ಪಟ್ಟಿಗಳ ಧೂಳನ್ನು ಒಣ ಪೇಂಟಿಂಗ್ ಬ್ರಷ್ಷಿನಿಂದ ಎಬ್ಬಿಸಿ, ವ್ಯಾಕ್ಯೂಮ್ ಕ್ಲೀನರಿನಿಂದ ಹೊರಕ್ಕೆಳೆಯಬೇಕಂತೆ. ಕಾಯಿಲಿಗೆ ನೊರೆ ಬರೋ ಕ್ಲೀನರ್ ಹೊಡೆದ. ಪೈಪಿನ ಅಡ್ಡಿ ಬಿಟ್ಟಿದ್ದೇ ಚಹಾ ಬಣ್ಣದ ನೀರು ದಬದಬ ಸುರಿಯಿತು. ಆ ನಾತದಲ್ಲೇ ಆರು ತಿಂಗಳು ಓಡಾಡಿದ್ದೆನಲ್ಲ! ಮ್ಯಾಟುಗಳನ್ನು ಎರಡು ದಿನ ಬಿಸಿಲಿಗೆ ಹಾಕಿದೆ. ಈಗ ಊರು ಮುಟ್ಟೋಕೆ ಐದು ನಿಮಿಷ ಮುಂಚೆ ಎ.ಸಿ. ಆರಿಸಿ, ಕಾಯಿಲ್ ಒಣಗಲಿ ಅಂತ ಫ್ಯಾನು ಮಾತ್ರ ಬಿಡುತ್ತೇನೆ.

ಹಿರಿಯರ ಮನೆಗೆ ಮತ್ತೆ ಹೋದದ್ದು ಹದಿನೈದು ದಿನದ ಮೇಲೆ. ಗೇಟಿನಲ್ಲೇ ನಿಂತು ತಪ್ಪೊಪ್ಪಿಕೊಂಡೆ. ಅವರು ಮಾತಾಡಲಿಲ್ಲ. ಕಾರಿನೊಳಗೆ ತಲೆ ಹಾಕಿ ಎರಡು ಸಲ ಮೂಸಿ ನೋಡಿ, ಟವೆಲ್ಲು ಕೈಲೇ ಇಟ್ಟುಕೊಂಡು ಕೂತರು. ನವರಂಗ್ ದಾಟೋವರೆಗೂ ಗಾಜು ಇಳಿದೇ ಇತ್ತು. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡರು.

“ಗಾಜು ಏರ್ಸಪ್ಪಾ, ಗಲಾಟೆ ಜಾಸ್ತಿ. ಎಲ್ಲಿಂದ ಶುರು ಮಾಡ್ಲಿ... ಕಂಪನಿ ಸೇರಿದಾಗ ನಂಗೆ ಒಂಬತ್ತು ವರ್ಷ.”